ಮೊರ ಕೇರುವ ಮುದುಕಿಯ ಅರ್ಧ ಕಥೆ

ದೆವ್ವ, ಭೂತ, ಶಕುನ, ದೃಷ್ಟಿ ಇವುಗಳಲ್ಲಿ ಒಂದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಇರುವುದಾದರೂ ಹೇಗೆ? ಹೆಗ್ಗರಣೆ ಸುತ್ತಮುತ್ತ ನನ್ನ ಕಾಲದಲ್ಲಿ ಕಾಣಿಸಿಕೊಂಡ ದೆವ್ವಗಳಲ್ಲಿ ಮುಕ್ಕಾಲು ಪಾಲು ನಾನೇ. ಸೈಕಲ್ಲಿನ ಹಿಂದೆ ಒಣ ತೆಂಗಿನಗರಿಯ ಸೂಡಿ ಹೊತ್ತಿಸಿ ಕಟ್ಟಿಕೊಂಡು ಗದ್ದೆ ಬಯಲಿನಲ್ಲಿ ಕೊಳ್ಳಿದೆವ್ವವಾಗಿ ಓಡಾಡಿದ್ದೇನೆ. ನೀರಿಲ್ಲದ ಬಾವಿಯೊಳಗೆ ಇಳಿದು ಕೂತು, ದಾರಿಯಲ್ಲಿ ಹೋಗುವವರನ್ನು ಹೆಸರು ಹಿಡಿದು ಕರೆದಿದ್ದೇನೆ. ನನ್ನಿಂದಾಗಿ ಶಾಂತಿ ಹೋಮ ಮಾಡಿಸಿದ ಮನೆಗಳಿವೆ. ಆ ಹೋಮದ ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂತು ಎರಡೆರಡು ಸಲ ಪಾಯಸ ಹಾಕಿಸಿಕೊಂಡವನೂ ನಾನೇ. ಹಾಗಾಗಿ ಯಾರಾದರೂ ತಮಗೆ ವಿಚಿತ್ರ ಅನುಭವವಾಯಿತು ಎಂದು ಹೇಳತೊಡಗಿದರೆ, ಇದನ್ನು ಮಾಡಿದ ಕಳ್ಳ ಯಾರಿರಬಹುದು ಎಂದು ನಾನು ಯೋಚಿಸುತ್ತೇನೆ.

ಓದುಗರೇ, ಇಷ್ಟು ಜಂಬ ಕೊಚ್ಚಿದವನ ಮಾತನ್ನು ನಂಬುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ನಾನು ನಡೆದದ್ದನ್ನು ಹೇಳುತ್ತೇನೆ. ನಡೆದದ್ದು ಹಾಡುಹಗಲಿನಲ್ಲಿ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಹಾವೇರಿ ಕಡೆಯ ಒಬ್ಬಳು ಹುಡುಗಿ, ಶ್ವೇತಾ ಎಂದು ಹೆಸರು, ಹಳೆಯ ಕಥೆಗಳ ಮೇಲೆ ಏನೋ ಪಿಎಚ್.ಡಿ. ಮಾಡುತ್ತಿದ್ದವಳು, ನನ್ನ ಅಕ್ಕ ಸಾವಿತ್ರಿಯನ್ನು ಹುಡುಕಿಕೊಂಡು ಬಂದಳು. ನಮ್ಮ ಮನೆಗೂ ಅಕ್ಕನ ಮನೆಗೂ ನಡುವೆ ಒಂದು ಗದ್ದೆ ಅಷ್ಟೆ. ನಮ್ಮ ಸೀಮೆಯಲ್ಲಿ ಅಜ್ಜಿಕಥೆ ಹೇಳುವುದರಲ್ಲಿ ಅಕ್ಕನನ್ನು ಮೀರಿಸುವವರಿಲ್ಲ, ನನ್ನನ್ನು ಬಿಟ್ಟರೆ. ವ್ಯತ್ಯಾಸ ಇಷ್ಟೇ, ಅಕ್ಕ ಅಮ್ಮನ ಬಾಯಿಂದ ಕೇಳಿದ್ದನ್ನು ಒಂದಕ್ಷರ ಬದಲಿಸದೆ ಹೇಳುತ್ತಾಳೆ. ನಾನು ಆಗಷ್ಟೇ ಹುಟ್ಟಿಸಿದ್ದನ್ನು ಮುತ್ತಜ್ಜನ ಕಾಲದ್ದು ಎಂದು ಹೇಳುತ್ತೇನೆ. ಕೇಳುವವರಿಗೆ ನನ್ನದೇ ಹೆಚ್ಚು ಹಳೆಯದಾಗಿ ಕೇಳಿಸುತ್ತದೆ.

ಶ್ವೇತಾ ಊಟ ಮಾಡಿ ಅಕ್ಕನ ಮನೆಯ ಜಗಲಿಯಲ್ಲಿ ನಮ್ಮಿಬ್ಬರೆದುರು ಕೂತು ಮೊಬೈಲ್ ತೆಗೆದು ರೆಕಾರ್ಡಿಂಗಿಗೆ ಇಟ್ಟಳು. ಅಕ್ಕ ಒಪ್ಪಲಿಲ್ಲ.

"ಹಗಲಪ್ಪಗ ಕಥೆ ಹೇಳಲಾಗ ತಂಗಿ. ಮನೆಯವು ದಾರಿ ಮೇಲಿದ್ರೆ ದಾರಿ ತಪ್ತ. ದೀಪ ಹಚ್ಚಿದ ಮೇಲೆ ಬೇಕಾದಷ್ಟು ಹೇಳ್ತೆ, ಉಳ್ಕ."

"ನಾಳೆ ಮುಂಜಾನೆ ನಾ ಧಾರವಾಡದಾಗ ಇರಬೇಕ್ರಿ ಅಮ್ಮಾ. ಕಡೇ ಬಸ್ ತಪ್ಪಿದ್ರ ಮುಗೀತು," ಎಂದಳು ಶ್ವೇತಾ. ಆಮೇಲೆ ಉತ್ಸಾಹದಿಂದ, ಈ ನಂಬಿಕೆ ಇಲ್ಲಿ ಮಾತ್ರ ಅಲ್ಲ, ಬೇರೆ ದೇಶಗಳಲ್ಲೂ ಇದೆ ಎಂದು ವಿವರಿಸಿದಳು. ಆಫ್ರಿಕಾದ ಕೆಲವು ಕಡೆ ಹಗಲು ಕಥೆ ಹೇಳಿದವನ ತಲೆಯ ಮೇಲೆ ಕೊಂಬು ಮೂಡುತ್ತದಂತೆ. ಅಮೆರಿಕದ ಕೆಲವು ಮೂಲನಿವಾಸಿಗಳು ಚಳಿಗಾಲ ಬಿಟ್ಟು ಬೇರೆ ಕಾಲದಲ್ಲಿ ಕಥೆ ಹೇಳುವುದೇ ಇಲ್ಲವಂತೆ, ಹೇಳಿದರೆ ಹಾವು ಬರುತ್ತದಂತೆ. ಒಬ್ಬರನ್ನೊಬ್ಬರು ಕಂಡೇ ಇಲ್ಲದ ಜನ ಎಲ್ಲರೂ ಒಂದೇ ಮಾತಿಗೆ ಯಾಕೆ ಹೆದರಿದರು ಎನ್ನುವುದೇ ತನಗೆ ಸೋಜಿಗ ಎಂದಳು.

ನಾನು ನನ್ನ ಬೋಳುತಲೆ ಸವರಿಕೊಂಡು, "ಇಲ್ಲಿ ಜಾಗ ಬೇಕಾದಷ್ಟಿದ್ದು, ಕೊಂಬು ಬಂದ್ರೆ ಬರ್ಲಿ. ನಿಂಗೆ ಕಥೆ ಬೇಕಲ್ದಾ ಕೂಸೇ, ಆನು ಹೇಳ್ತೆ," ಅಂದೆ.

ಅಕ್ಕ ನನ್ನ ಕೈ ಹಿಡಿದಳು. "ತಮಾ, ಬ್ಯಾಡ. ನಿನ್ನ ಭಾವ ಚಂದಗುಳಿಗೆ ಹೋಯ್ದ. ಇನ್ನೂ ಬೈಂದ್ನಿಲ್ಲೆ."

ಗಣಪತಿ ಭಾವ ಬೆಳಿಗ್ಗೆ ನಸುಕಿಗೇ ಮೋಟಾರ್‌ಸೈಕಲ್ ಹತ್ತಿ ಚಂದಗುಳಿಯ ಗಣಪತಿಗೆ ಹರಕೆಯ ಗಂಟೆ ಕಟ್ಟಲು ಹೋಗಿದ್ದ. ಅವನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಊಟ ಬೀಳದಿದ್ದರೆ ಕೈಕಾಲು ನಡುಗಿ ಬೆವರಿ ಕೂತಲ್ಲೇ ವಾಲುತ್ತಿದ್ದ. ಹಿಂದೊಮ್ಮೆ ಹಾಗೆ ವಾಲಿದವನನ್ನು ಶಿರಸಿಯ ಆಸ್ಪತ್ರೆಗೆ ಹಾಕಿ, ಸಕಾಲಕ್ಕೆ ಬಂದಿದ್ದಕ್ಕೆ ಉಳಿದ ಎಂದು ಡಾಕ್ಟರು ಹೇಳಿದ್ದರು. ಅಕ್ಕನ ಹೆದರಿಕೆ ಅದು. ನಾನು, "ಭಾವಂಗೆ ದಾರಿ ತಪ್ಪಲೂ ಬುದ್ಧಿ ಬೇಕು ಅಕ್ಕ," ಎಂದು ನಕ್ಕು ಕಥೆ ಶುರು ಮಾಡಿದೆ. ಕಥೆಗೆ ಹೂಂಗುಟ್ಟುವವರು ಬೇಕು, ಹೂಂ ಇಲ್ಲದೆ ಕಥೆ ಮುಂದೆ ಹೋಗಬಾರದು ಎಂಬುದು ನಮ್ಮಲ್ಲಿನ ಕ್ರಮ. ಆ ಕೆಲಸವನ್ನು ಶ್ವೇತಾಳಿಗೆ ವಹಿಸಿದೆ. ಅಕ್ಕ ಎದ್ದು ಒಳಗೆ ಹೋಗಿ, ಬಾಗಿಲ ಹಿಂದೆ ನಿಂತು ಕೇಳಿದಳು.

ಕಥೆಯನ್ನು ನಾನು ಆ ಕ್ಷಣಕ್ಕೆ ಹೊಸೆದದ್ದು. ಒಬ್ಬ ತನ್ನ ಊರಿಗೇ ಬರುತ್ತಿರುತ್ತಾನೆ, ದಿನವೂ ಓಡಾಡುವ ದಾರಿ. ಅವತ್ತು ನೋಡುತ್ತಾನೆ, ದಾರಿ ಕವಲೊಡೆಯುವಲ್ಲಿ ಹಿಂದೆಂದೂ ಇಲ್ಲದ ಒಂದು ಭಾರೀ ಧೂಪದ ಮರ. ಅದರ ಬುಡದಲ್ಲಿ ದಾರಿಗೆ ಬೆನ್ನು ಹಾಕಿ ಕೂತ ಒಬ್ಬ ಮುದುಕಿ ಮೊರದಲ್ಲಿ, ನಮ್ಮ ಮಾತಿನಲ್ಲಿ ಗೆರಸಿಯಲ್ಲಿ, ಕೇರುತ್ತಿದ್ದಾಳೆ. ಕೇರುವ ಸದ್ದು ಕೇಳುತ್ತದೆ, ಆದರೆ ಹೊಟ್ಟು ಹಾರುವುದಿಲ್ಲ, ಕಾಳು ಬೀಳುವುದಿಲ್ಲ. ಬಗ್ಗಿ ನೋಡಿದರೆ ಮೊರ ಖಾಲಿ. ಇವನು ದಾರಿ ಕೇಳುತ್ತಾನೆ. ಅವಳು ತಿರುಗಿಯೂ ನೋಡದೆ, ಕೂತುಕೋ ಅನ್ನುತ್ತಾಳೆ. ಇವನು ಕೂರುತ್ತಾನೆ.

"ಹೂಂ," ಎಂದಳು ಶ್ವೇತಾ. ಮರುಕ್ಷಣವೇ ಗಡಿಯಾರ ನೋಡಿ ಗಾಬರಿಯಾಗಿ ಎದ್ದಳು. "ಅಯ್ಯ, ಬಸ್ ಬರೂ ಹೊತ್ತಾತು! ಅಜ್ಜಾರ, ಉಳಿದದ್ದು ಮುಂದಿನ ಸಲ ಬಂದಾಗ ಹೇಳ್ರಿ." ಚೀಲ ಹೆಗಲಿಗೇರಿಸಿ ಓಡಿದಳು. ಬಸ್ಸು ಸಿಕ್ಕಿತು. ಕಥೆಯವನು ಮುದುಕಿಯ ಪಕ್ಕದಲ್ಲಿ ಕೂತೇ ಉಳಿದ. ನಾನು ನಮ್ಮ ಮನೆಗೆ ಹೋಗಿ ಮಲಗಿದೆ.

ಸಂಜೆಯ ಚಹಾದ ಹೊತ್ತಿಗೆ ಅಕ್ಕ ಗದ್ದೆ ದಾಟಿ ಬಂದಳು. ಭಾವ ಬಂದಿರಲಿಲ್ಲ. ಶಿರಸಿಯಲ್ಲಿ ಅವನು ಮಾತ್ರೆ ಕೊಳ್ಳುವ ಅಂಗಡಿಗೆ ಫೋನ್ ಮಾಡಿದರೆ, ಮಧ್ಯಾಹ್ನವೇ ತಗೊಂಡು ಹೋದರು, ಮನೆಗೆ ಹೋಗಿಯೇ ಊಟ ಎಂದರು ಎಂಬ ಉತ್ತರ. ಶಿರಸಿಯಿಂದ ನಮ್ಮಲ್ಲಿಗೆ ಎಷ್ಟು ನಿಧಾನ ಬಂದರೂ ಒಂದೂವರೆ ತಾಸು. ಭಾವನ ಫೋನು ನೆಟ್‌ವರ್ಕ್ ವ್ಯಾಪ್ತಿಯಲ್ಲಿ ಇಲ್ಲ. ಊರಿನ ಗಂಡಸರು ಬೈಕು ಹತ್ತಿ ಹೊರಟರು. ಶಿರಸಿ ರಸ್ತೆಯನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ನೋಡಿದರು. ತಿರುವುಗಳಲ್ಲಿ ಇಳಿದು ಚರಂಡಿ, ಕಣಿವೆ ಇಣುಕಿದರು. ಗಾಡಿಯಿಲ್ಲ, ಮನುಷ್ಯನಿಲ್ಲ.

ಅಕ್ಕ ಅಳಲಿಲ್ಲ. ಕತ್ತಲಾಗುತ್ತಿದ್ದಂತೆ ತನ್ನ ಮನೆಯ ದೇವರ ಮುಂದೆ ದೀಪ ಹಚ್ಚಿ, ಜಗಲಿಗೆ ಬಂದು ನನ್ನ ಎದುರು ಕೂತು, "ಕಥೆ ಮುಗಸು," ಎಂದಳು.

"ಎಂತ ಅಕ್ಕ ನೀನು, ಇಂಥಾ ಹೊತ್ತಲ್ಲಿ..."

"ಮುಗಸು ಅಂದಿ ಆನು. ಹೂಂ."

ಎಪ್ಪತ್ತು ದಾಟಿದವನು ನಾನು. ಮಾತಿಗೆ ತಡವರಿಸಿದ್ದು ನನಗೆ ನೆನಪಿಲ್ಲ. ಪೊಲೀಸರ ಮುಂದೂ ತಡವರಿಸಿದವನಲ್ಲ. ಅವತ್ತು ನನ್ನದೇ ಕಥೆ ನನ್ನ ಮಾತು ಕೇಳಲಿಲ್ಲ. ಸುಖವಾಗಿ ಮುಗಿಸೋಣ ಎಂದು ಬಾಯಿ ತೆರೆದರೆ, ಕೂತವನಿಗೆ ಬೆವರು ಬಂತು ಎಂದು ಬರುತ್ತಿತ್ತು. ಅಕ್ಕ ಹೂಂ ಅನ್ನಲಿಲ್ಲ. ಹಿಂದೆ ಬಂದು ಬೇರೆ ದಾರಿ ಹಿಡಿದೆ. ಅವನ ಕಣ್ಣು ಮುಚ್ಚಿತು ಎಂದಿತು ನಾಲಿಗೆ. ಅಕ್ಕ ತುಟಿ ಬಿಗಿ ಹಿಡಿದು ನನ್ನನ್ನೇ ನೋಡುತ್ತ ಕೂತಳು. ಮುದುಕಿ ಖಾಲಿ ಮೊರವನ್ನು ಅವನ ಮುಂದೆ ಹಿಡಿದಳು, ಈಗ ಅದು ಖಾಲಿ ಇರಲಿಲ್ಲ ಎಂದು ಬಂದಾಗ ನಾನೇ ಬಾಯಿ ಮುಚ್ಚಿಕೊಂಡೆ. ಮೊರದಲ್ಲಿ ಏನಿತ್ತು ಎಂದು ನನಗೆ ಗೊತ್ತಾಗುವುದರಲ್ಲಿತ್ತು. ಗೊತ್ತಾಗುವುದು ಬೇಡವಾಗಿತ್ತು.

"ಅದಲ್ಲ. ಬ್ಯಾರೆ ಹೇಳು," ಎಂದಳು ಅಕ್ಕ.

ಕಡೆಗೆ ಕಥೆ ಹೇಳುವ ಚಂದ, ನಯ ಎಲ್ಲ ಬಿಟ್ಟು, ಶಾಲೆಯ ಹುಡುಗರು ಪಾಠ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿದೆ: ಮುದುಕಿ ಎದ್ದಳು, ಮೊರ ಕೊಡವಿದಳು, ಇದು ನಿನ್ನ ದಾರಿ ಎಂದು ಕೈ ತೋರಿಸಿದಳು, ಅವನು ಮನೆಗೆ ಬಂದು ಉಂಡು ಮಲಗಿದ, ಕಥೆ ಮುಗಿಯಿತು. ಅಷ್ಟು ಸಪ್ಪೆ ಕಥೆಯನ್ನು ನಾನು ಜನ್ಮದಲ್ಲಿ ಹೇಳಿಲ್ಲ.

"ಹೂಂ," ಎಂದಳು ಅಕ್ಕ, ಉದ್ದಕ್ಕೆ.

ಸ್ವಲ್ಪ ಹೊತ್ತಿಗೆ ಅಂಗಳಕ್ಕೆ ಬರುವ ದಾರಿಯ ದಣಪೆಯ ಹತ್ತಿರ ಮೋಟಾರ್‌ಸೈಕಲ್ಲಿನ ಸದ್ದಾಯಿತು. ಭಾವ. ಬಟ್ಟೆ ಮಾಸಿರಲಿಲ್ಲ, ಮೈಮೇಲೆ ಗೀರು ಕೂಡ ಇಲ್ಲ. ಮುಖ ಮಾತ್ರ ಬಿಳಿಚಿತ್ತು. ಅಕ್ಕ ಬೆಲ್ಲದ ನೀರು ಕುಡಿಸಿ, ಅನ್ನ ಕಲಸಿ ತಟ್ಟೆ ಕೈಗಿಟ್ಟಳು. ನಾಲ್ಕು ತುತ್ತು ಹೋದ ಮೇಲೆ ಮಾತು ಹೊರಟಿತು.

"ಆನು ಇಲ್ಲೇ ನಮ್ಮೂರ ಕ್ರಾಸಿನಲ್ಲಿ ಒಂದು ಗಳಿಗೆ ಕೂತಿದ್ದಿ. ಇಷ್ಟು ಹೊತ್ತಾಯ್ದು ಹೇಳಿ ಗೊತ್ತಾಜಿಲ್ಲೆ. ಅಲ್ಲಿ ಅಷ್ಟು ದೊಡ್ಡ ಮರ ಯಾವಾಗಿಂದ ಇದ್ದು ಮಾರಾಯಾ? ಕೆಳಗೆ ಒಂದು ಅಜ್ಜಿ ಕೂತ್ಗಂಡು ಖಾಲಿ ಗೆರಸಿ ಕೇರ್ತಾ ಇದ್ದು. ನೀರು ಕೇಳನ ಹೇಳಿ ಹೋದಿ. ಸುಮ್ನೆ ಕೂತ್ಗ, ಅವ ಇನ್ನೂ ಹೇಳಿ ಮುಗಸಿದ್ನಿಲ್ಲೆ ಹೇಳ್ತು."

ಹುಡುಕಲು ಹೋದವರಲ್ಲಿ ಇಬ್ಬರು ಜಗಲಿಯಲ್ಲೇ ಇದ್ದರು. ಆ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ, ಇಳಿದು, ಭಾವನ ಹೆಸರು ಕೂಗಿ ಬಂದವರು ಅವರು. ಅಲ್ಲಿ ಮರವೆಂಬುದೇ ಇಲ್ಲ. ರಸ್ತೆ ಅಗಲ ಮಾಡುವಾಗ ಇದ್ದ ಪೊದೆಯನ್ನೂ ಕಡಿದಿದ್ದಾರೆ.

ನನ್ನ ಮೊದಲ ಯೋಚನೆ ಏನು ಗೊತ್ತೇ? ಭಲೇ, ನನಗೇ ಯಾರೋ ಟೋಪಿ ಹಾಕಿದರು ಎಂದು. ಈ ಕಸುಬಿನಲ್ಲಿ ಪಳಗಿದವನು ನಾನು, ಒಂದೊಂದೇ ಎಳೆ ಬಿಡಿಸಿ ನೋಡಿದೆ. ಅಕ್ಕ ಫೋನಿನಲ್ಲಿ ಭಾವನಿಗೆ ಹೇಳಿಕೊಟ್ಟಿರಬಹುದೇ? ಭಾವನಿಗೆ ಇವತ್ತು ನಗೆಚಾಟಿಕೆ ಹೇಳಿದರೆ ನಾಳೆ ನಗುತ್ತಾನೆ, ನಾಟಕವಾಡುವ ಪ್ರಾಣಿಯೇ ಅಲ್ಲ. ಮೇಲಾಗಿ ತನ್ನ ಗಂಡನ ಜೀವದ ಮೇಲೆ ಅಕ್ಕ ತಮಾಷೆ ಮಾಡುವವಳಲ್ಲ. ಶ್ವೇತಾ? ಅವಳು ಭಾವನನ್ನು ಕಂಡದ್ದೇ ಇಲ್ಲ. ಕಥೆ ಕೇಳಿದ್ದು ಇವರಿಬ್ಬರೇ. ಇದನ್ನು ಹೂಡಿದ ಮನುಷ್ಯ ಯಾರಾದರೂ ಇದ್ದರೆ ದಯವಿಟ್ಟು ಬನ್ನಿ, ಕಾಲಿಗೆ ಬಿದ್ದು ಗುರು ಎಂದು ಒಪ್ಪಿಕೊಳ್ಳುತ್ತೇನೆ. ಇಷ್ಟು ವರ್ಷ ಕಾದಿದ್ದೇನೆ, ಯಾರೂ ಬಂದಿಲ್ಲ.

ನಾನು ಎಷ್ಟಾದರೂ ನಾನೇ. ಆ ಗಾಬರಿಯಲ್ಲೂ ನನ್ನ ಕಥೆಗೆ ಸಿಗಬೇಕಾದ ಹೊಗಳಿಕೆ ಸಿಗಲಿ ಎಂಬ ಆಸೆ. "ಆಮೇಲೆ ಆ ಅಜ್ಜಿ ಎದ್ದು, ಗೆರಸಿ ಕೊಡವಿ, ದಾರಿ ತೋರಿಸ್ತು ಅಲ್ದಾ ಭಾವ?" ಎಂದು ಕೇಳಿದೆ.

ಭಾವ ತುತ್ತು ನುಂಗಿ ತಲೆ ಅಲ್ಲಾಡಿಸಿದ.

"ಇಲ್ಲೆ. ಅದು ಎದ್ದಿದ್ದೇ ಇಲ್ಲೆ. ಕೂತಲ್ಲಿಂದ್ಲೇ ಹೇಳ್ತು, ಅವಂಗೆ ಮುಗಸಲೆ ಬರ್ತಿಲ್ಲೆ, ನೀ ಹೋಗು ಹೇಳಿ. ಹೊರಟಪ್ಪಗ ಮತ್ತೊಂದು ಮಾತು ಹೇಳ್ತು. ಉಳ್ದಿದ್ದು ಆನೇ ಹೇಳ್ತೆ, ಅವಂಗೆ ಇಲ್ಲಿಗೆ ಬಪ್ಪಲೆ ಹೇಳು ಹೇಳಿ." ಆಮೇಲೆ ನಮ್ಮಿಬ್ಬರ ಮುಖ ನೋಡಿ ಕೇಳಿದ, "ಅವ ಅಂದ್ರೆ ಯಾರು?"

ಅಕ್ಕ ಅವನ ತಟ್ಟೆಗೆ ಮಜ್ಜಿಗೆ ಬಡಿಸಿದಳು.

ಭಾವ ಇವತ್ತಿಗೂ ಗಟ್ಟಿಯಾಗಿದ್ದಾನೆ. ಆ ದಾರಿಯಲ್ಲೇ ಗಾಡಿ ಓಡಿಸುತ್ತಾನೆ, ಅವನಿಗೆ ಏನೂ ಕಾಣಿಸಿಲ್ಲ. ನಾನು ಮಾತ್ರ ಶಿರಸಿಗೆ ಹೋಗುವುದಿದ್ದರೆ ತುಂಬಿದ ಬಸ್ಸೇ ಹತ್ತುತ್ತೇನೆ, ಕ್ರಾಸು ಬರುವಾಗ ಪಕ್ಕದವರ ಹತ್ತಿರ ಏನಾದರೂ ಹರಟುತ್ತಿರುತ್ತೇನೆ. ಹೆದರಿಕೆಯೇ ಎಂದು ನೀವು ಕೇಳಬಹುದು. ಹೆದರಿಕೆ ಹೌದು. ಆದರೆ ಅದಕ್ಕಿಂತ ಕೆಟ್ಟದ್ದು ಬೇರೆ ಇದೆ. ಕಥೆ ಹುಟ್ಟಿಸಿಯೇ ಬದುಕಿದವನು ನಾನು, ನನಗೆ ಮುಗಿಸಲು ಬಾರದ ಕಥೆ ಅದೊಂದೇ. ಮಧ್ಯಾಹ್ನ ಉಂಡು ಅಡ್ಡಾದಾಗ ಕೆಲವು ದಿನ ಎದ್ದು ಕೂರುತ್ತೇನೆ. ಆ ಮುದುಕಿಯ ಹತ್ತಿರ ಹೋಗಿ ಕೂತು ಹೂಂ ಅಂದುಬಿಡೋಣ ಅನ್ನಿಸುತ್ತದೆ. ಇಷ್ಟರವರೆಗೆ ಹೋಗಿಲ್ಲ.