ಚರಂಡಿ ಮೂಲೆಯ ಗೋಡು

ಈ ಬೇಸಿಗೆಯಲ್ಲಿ ನಮ್ಮೂರ ಕೆರೆಯ ಗೋಡು ತುಂಬಿಕೊಂಡು ಟ್ರಾಕ್ಟರುಗಳು ಮನೆ ಮುಂದೆ ಓಡಾಡುತ್ತಿವೆ. ಹಸಿ ಹೂಳಿನ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಮ್ಮ ಮಹಡಿ ಮನೆಯ ಅಕ್ಕ ನೆನಪಾದರು. ಅವರ ಕೋಣೆಯಲ್ಲಿ ವರ್ಷವಿಡೀ ಇದೇ ವಾಸನೆ ಇರುತ್ತಿತ್ತು...

ಅಕ್ಕ ನಮ್ಮ ಬಾಡಿಗೆಯವರು. ಕೆ.ಆರ್. ಪೇಟೆಯ ಪಕ್ಕದ ನಮ್ಮೂರಿನಲ್ಲಿದ್ದುಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದ ಕೆರೆಗಳನ್ನೂ ಜಲಾಶಯಗಳನ್ನೂ ಸುತ್ತಿ ತಳದ ಮಣ್ಣು ತರುತ್ತಿದ್ದರು. ಅದರಲ್ಲಿ ಸೀಸ, ಸತು ಎಷ್ಟು ಸೇರಿದೆ ಎಂದು ನೋಡುವುದೇ ಅವರ ಸಂಶೋಧನೆ. ಬಸ್ಸಿನಲ್ಲಿ ಮಣ್ಣಿನ ಚೀಲ ತೊಡೆಯ ಮೇಲೇ ಇರಬೇಕು. “ಮಣ್ಣಿಗೂ ಒಂದು ಟಿಕೆಟ್ ಅರೀಲಾ ಮೇಡಮ್ಮೋರೆ?” ಎಂದು ಕಂಡಕ್ಟರು ರೇಗಿಸಿದರೆ, “ಮಡ್ಲಲ್ಲಿ ಕೂತಿರೋ ಮಗೀಗೆ ಯಾವ ಟಿಕೆಟ್ಟಪ್ಪಾ?” ಎನ್ನುತ್ತಿದ್ದರು.

ನಮ್ಮದು ಸೊಪ್ಪಿನ ತೋಟ. ಆ ವರ್ಷ ಅಪ್ಪ, ಪೇಟೆಯ ಚರಂಡಿ ಬಂದು ಕೆರೆ ಸೇರುವ ಮೂಲೆಯ ಕಪ್ಪು ಗೋಡಿನ ಮೇಲೆ ಕಣ್ಣಿಟ್ಟು, ಅದನ್ನು ಗೊಬ್ಬರವಾಗಿ ತೋಟಕ್ಕೆ ಹೊಡೆಸಲು ಟ್ರಾಕ್ಟರು ಗೊತ್ತುಮಾಡಿದ್ದರು. ಮಳೆ ಬಿದ್ದು ಕೆರೆ ತುಂಬಿದರೆ ಗೋಡು ಸಿಗುವುದಿಲ್ಲ. ಅಕ್ಕ ಮಾತ್ರ, “ಸ್ವಲ್ಪ ತಡೀರಿ ಗೌಡ್ರೇ, ಸೊಪ್ಪು ಅಲ್ಲಿರೋದನ್ನೆಲ್ಲ ಹೀರ್ಕೊಂಡ್ರೆ ತಿನ್ನೋ ಜನದ ಗತಿ? ನೋಡಿ ಹೇಳ್ತೀನಿ” ಎಂದರು.

ಮಾರನೆಯ ಬೆಳಿಗ್ಗೆ ಅಪ್ಪ ತಾವೇ ಹೋಗಿ ಸನಿಕೆಯಲ್ಲಿ ಗೋಡು ಅಗೆದು, ತಗಡಿನ ಬಕೆಟ್ಟಿನಲ್ಲಿ ತುಂಬಿ ಅಕ್ಕನ ಬಾಗಿಲಿಗೆ ತಂದಿಟ್ಟರು. “ನೀವ್ಯಾಕೆ ಕೆಸ್ರಲ್ಲಿ ಇಳೀಬೇಕು ಅಕ್ಕೋರೆ? ನಾನೇ ತಂದ್ಬುಟ್ಟೆ.”

ಕಬ್ಬಿಣ, ತಗಡು ತಾಕಿದ ಮಣ್ಣು ಪರೀಕ್ಷೆಗೆ ಬರುವುದಿಲ್ಲ. ಅದಕ್ಕೇ ಅಕ್ಕನದು ಪ್ಲಾಸ್ಟಿಕ್ ಕೊಳವೆ, ಪ್ಲಾಸ್ಟಿಕ್ ಚಮಚ. ಆದರೂ ಅವರು ಅಪ್ಪನ ಮುಖ ನೋಡಿ ನಕ್ಕರು. “ಎಷ್ಟು ಚೆನ್ನಾಗಿರೋದು ತಂದಿದೀರಿ! ಇದು ನನ್ನ ಗುಲಾಬಿ ಕುಂಡಕ್ಕಿರಲಿ” ಎಂದು, ಬಳೆ, ಉಂಗುರ ಬಿಚ್ಚಿ ನನ್ನ ಕೈಗಿಟ್ಟು ಕೊಳವೆ ಹಿಡಿದು ಕೆರೆಗೆ ಹೊರಟರು. ಅಪ್ಪನೂ ನಾನೂ ಹಿಂದೆ ಹೋದೆವು.

“ಉಂಗ್ರಾನೂ ಬಿಚ್ಬೇಕಾ?” ಅಪ್ಪ ಕೇಳಿದರು.

“ಹೂಂ ಮತ್ತೆ. ಇಲ್ದಿದ್ರೆ ನನ್ ಉಂಗುರದ ತಪ್ಪು ನಿಮ್ ಕೆರೆ ತಲೆಗೆ ಬರ್ತದೆ.”

ಅಪ್ಪ ಕೈಯಲ್ಲಿದ್ದ ಸನಿಕೆಯನ್ನು ಏರಿಯ ಮೇಲೇ ಬಿಟ್ಟು ಅವರ ಜೊತೆ ಇಳಿದರು.

ಮೈಸೂರಿನ ಪ್ರಯೋಗಾಲಯದಿಂದ ಫಲಿತಾಂಶ ಬರುವುದು ತಡವಾಯಿತು. ಮೋಡ ಕಟ್ಟತೊಡಗಿತು. “ಆಯಮ್ಮ ಮಣ್ಣು ನೋಡೋದ್ರೊಳಗೆ ಕೆರೆ ತುಂಬ್ಬುಡ್ತದೆ ಕಣ್ಲಾ” ಎಂದು ಅಪ್ಪನ ಜೊತೆಯವರು ಆಡಿಕೊಂಡರು. ಅಪ್ಪ ಎಷ್ಟು ಕೇಳಿದರೂ ಅಕ್ಕ ಅಂದಾಜಿನ ಮಾತು ಹೇಳಲಿಲ್ಲ. “ಗೊತ್ತಿಲ್ಲದೆ ಇರೋದನ್ನ ನಿಮ್ಮ ತೋಟಕ್ಕೆ ಹಾಕಲಾರೆ” ಎಂದಷ್ಟೇ ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ.

ಕೊನೆಗೊಂದು ಸಂಜೆ ಮೈಸೂರಿನಿಂದ ಬಂದ ಅಕ್ಕ ಹೆಗಲ ಚೀಲವನ್ನೂ ಇಳಿಸದೆ, “ಆ ಮೂಲೇದು ಬೇಡ, ಸೀಸ ಜಾಸ್ತಿ ಇದೆ. ಏರಿ ಕಡೇದು ಚೆನ್ನಾಗಿದೆ, ಹೊಡೀರಿ” ಎಂದರು. ಕೆರೆಗೆ ನೀರು ಬರುವ ಮೊದಲು ನಮಗೆ ಸಿಕ್ಕಿದ್ದು ಕೆಲವೇ ಲೋಡು. ಅಪ್ಪ ಒಂದು ಮಾತೂ ಗೊಣಗಲಿಲ್ಲ.

ಓದು ಮುಗಿಸಿ ಹೋದ ಮೇಲೂ ಅಕ್ಕ ಬೇಸಿಗೆಗೊಮ್ಮೆ ಬಂದು ಆ ಮೂಲೆಯ ಮಣ್ಣು ನೋಡಿ ಹೋಗುತ್ತಿದ್ದರು. ಹೋದ ವರ್ಷ ತೀರಿಕೊಂಡರು...

ಇವತ್ತು ಟ್ರಾಕ್ಟರಿನ ಹುಡುಗ ಬಾಗಿಲಲ್ಲಿ ನಿಂತು, “ಯಜಮಾನ್ರೇ, ಚರಂಡಿ ಮೂಲೇಲಿ ಒಳ್ಳೆ ಗೋಡದೆ, ಯಾರೂ ಮುಟ್ಟಿಲ್ಲ. ಹೊಡೀಲಾ?” ಎಂದು ಕೇಳಿದ.

“ತಡ್ಯಲಾ, ಅಕ್ಕೋರು ಬಂದು ನೋಡಿ ಏಳ್ಲಿ” ಎಂದರು ಅಪ್ಪ, ಎಂದಿನ ಹಾಗೆ.

ನಾನು ಅವರ ಕಡೆ ನೋಡಲಿಲ್ಲ. ಆಮೇಲೆ ಅಪ್ಪ ಕೈಯೆತ್ತಿ ಏರಿಯ ಕಡೆ ತೋರಿಸಿದರು.