ತಂತಿ ಜಗ್ಗಿದ ಗಳಿಗೆ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಪೊರಕೆ ಎಂದು ಕರೆಯುತ್ತಿದ್ದರು, ಹೊಗಳಿಕೆಗೇ ಅನ್ನಿ. ಓಡುತ್ತಿರುವ ಕಂಪ್ಯೂಟರಿಗೆ ನಾವು ಮೌಸನ್ನೋ ಪೆನ್ ಡ್ರೈವನ್ನೋ ಚುಚ್ಚಿದೊಡನೆ ಆಪರೇಟಿಂಗ್ ಸಿಸ್ಟಮ್ಮಿಗೆ ‘ಬಂತು’ ಎಂದು ಸುದ್ದಿ ಮುಟ್ಟುತ್ತದೆ, ಕಿತ್ತರೆ ‘ಹೋಯಿತು’ ಎಂದು. ಆ ಸುದ್ದಿ ಕೇಳಿ ಮುಂದಿನ ಏರ್ಪಾಟು ನೋಡುವ ಪ್ರೋಗ್ರಾಂ ಬರೆಯುವುದೇ ಪೊರಕೆಯ ಉದ್ಯೋಗ. ಬಂದವರಿಗೆ ಜಾಗ ಮಾಡಿಕೊಡುವುದು ಯಾರಿಗಾದರೂ ಬರುತ್ತದೆ. ಹೋದವರ ಸಾಮಾನನ್ನು ಚೂರೂ ಉಳಿಸದೆ ಗುಡಿಸಿ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಮನೆಯಲ್ಲೂ ಅದೇ ಚಾಳಿ. ಗಂಡ ಊಟದ ನಡುವೆ ಫೋನಿಗೆಂದು ಎದ್ದು ಬರುವಷ್ಟರಲ್ಲಿ ತಟ್ಟೆ ತೊಳೆದು ಬೋರಲು ಬಿದ್ದಿರುತ್ತಿತ್ತು. ಪಾಪ, ಅವನು ತಟ್ಟೆ ಕೈಯಲ್ಲಿ ಹಿಡಿದೇ ಏಳುವುದನ್ನು ರೂಢಿ ಮಾಡಿಕೊಂಡ.

ಅವಳ ಮಾವ ಛಾಪಖಾನೆಯಲ್ಲಿ ಕರಡು ತಿದ್ದಿ ನಿವೃತ್ತರಾದವರು. ಕಣ್ಣು ಹೋದ ಮೇಲೆ, ಈ ವಯಸ್ಸಿನಲ್ಲಿ ಇನ್ನೇನು ಎಂದು ಕೈಕಟ್ಟಿ ಕೂರದೆ, ಬೆರಳಿನಲ್ಲಿ ಬ್ರೈಲ್ ಓದಲು ಕಲಿತರು. ಸೊಸೆ ಒಂದು ಬ್ರೈಲ್ ಹಲಗೆ ತಂದುಕೊಟ್ಟಳು. ತಂತಿಯಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಪುಸ್ತಕದ ಸಾಲುಗಳು ಅದರ ಮೇಲೆ ಚುಕ್ಕಿಗಳಾಗಿ ಏಳುತ್ತವೆ. ಲ್ಯಾಪ್‌ಟಾಪಿನಲ್ಲಿದ್ದದ್ದು ಅವಳ ಕಂಪನಿಯದೇ ಸಿಸ್ಟಮ್ಮು, ಅದರೊಳಗೆ ಅವಳದೇ ಪ್ರೋಗ್ರಾಂ. ಮಾವ ಎಷ್ಟು ಹಿಗ್ಗಿದರೆಂದರೆ, ಬರುವ ಭಾನುವಾರ ಲೈಬ್ರರಿಯಲ್ಲಿ ಜನರ ಮುಂದೆ ಒಂದು ಕಥೆ ಓದುತ್ತೇನೆಂದು ಒಪ್ಪಿಕೊಂಡುಬಿಟ್ಟರು. ಕಣ್ಣು ಹೋದ ಮೇಲೆ ಅದೇ ಮೊದಲು.

ವಾರದ ನಡುವೆ ಇದ್ದಕ್ಕಿದ್ದಂತೆ, ಬೇಡ, ಬೇರೆ ಯಾರಾದರೂ ಓದಲಿ ಎಂದರು. ಗಂಟಲು ಕೆಟ್ಟಿದೆ ಎಂಬ ನೆಪ. ಬೆಳಗ್ಗೆಯಷ್ಟೇ ಗ್ಯಾಸಿನವನನ್ನು ಬೀದಿಗೆಲ್ಲ ಕೇಳುವಂತೆ ಗದರಿದ ಗಂಟಲು ಅದು.

ಮರುದಿನ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮಾವ ಹಲಗೆಯನ್ನು ತೊಡೆಯ ಮೇಲಿಟ್ಟು ಓದುತ್ತಿದ್ದವರು ಕಾಲು ಬದಲಿಸಿದರು, ತಂತಿ ಒಂದಿಷ್ಟು ಜಗ್ಗಿತು. ಚುಕ್ಕಿಗಳೆಲ್ಲ ಕುಸಿದು ಮತ್ತೆ ಎದ್ದವು. ಮಾವ ಸಾಲನ್ನು ಮುಟ್ಟಿ ನೋಡಿ ಗುಂಡಿ ಒತ್ತತೊಡಗಿದರು. ಒತ್ತಿದರು, ಒತ್ತಿದರು. ಕಥೆಯ ಮೊದಲ ಸಾಲಿಗೆ ಹೋಗಿ ಬಿದ್ದಿದ್ದರು. ಅಲ್ಲಿಂದ ಒಂದೊಂದೇ ಸಾಲು ದಾಟಿ ಬರಬೇಕಿತ್ತು. ಜನರ ಮುಂದೆ ಹೀಗಾದರೆ ಮಾನ ಹೋದೀತೆಂಬ ಹೆದರಿಕೆ ಅವರದು.

“ನನಗ್ಯಾಕೆ ಹೇಳಲಿಲ್ಲ ಮಾವ?” ಎಂದು ಅವಳು ಕೇಳಿದಳು.

“ನೀನು ಮಾಡಿದ ಕೆಲಸಕ್ಕೆ ನಾನೇ ಹುಳುಕು ತೆಗೆದ್ರೆ ಚೆನ್ನಾಗಿರುತ್ತೇನಮ್ಮ?”

ಅವಳು ಮೊದಲು ಬೈದದ್ದು ತಂತಿಯನ್ನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಹೊಸ ತಂತಿ ತಂದರೂ ಅದೇ ರಾಗ. ಕೊನೆಗೆ ಪರದೆಯ ಮೇಲೆ ಬರುವ ಸುದ್ದಿ ನೋಡುತ್ತಾ ತಾನೇ ತಂತಿ ಅಲ್ಲಾಡಿಸಿದಳು. ‘ಹೋಯಿತು’, ಅದರ ಬೆನ್ನಿಗೇ ‘ಬಂತು’. ಕಣ್ಣು ಮಿಟುಕಿಸುವಷ್ಟೂ ಅಂತರವಿಲ್ಲ. ಅಷ್ಟರಲ್ಲೇ ಅವಳ ಪ್ರೋಗ್ರಾಂ ಮಾವನ ಪುಟ, ಸಾಲು ಎಲ್ಲವನ್ನೂ ಗುಡಿಸಿ, ಮರಳಿ ಬಂದ ಹಲಗೆಯನ್ನು ಯಾರೋ ಹೊಸಬರಂತೆ ಬರಮಾಡಿಕೊಂಡಿತ್ತು. ಅವಳಿಗೆ ನಾಚಿಕೆಯಾಯಿತು. ಆ ಹಿರಿಯರು ಸುಮ್ಮನೆ ಗುಂಡಿ ಒತ್ತುತ್ತಿದ್ದುದನ್ನು ನೆನೆದರೆ ಅಳುವೇ ಬಂತು.

ತಿದ್ದುವುದೇನೂ ಬೆಟ್ಟ ಅಗೆಯುವ ಕೆಲಸವಲ್ಲ, ಆದರೆ ಅವಳ ಜಾಯಮಾನಕ್ಕೇ ವಿರುದ್ಧ. ‘ಹೋಯಿತು’ ಎಂಬ ಸುದ್ದಿ ಬಂದರೂ ಕೂಡಲೇ ಗುಡಿಸದೆ ಸ್ವಲ್ಪ ಹೊತ್ತು ಕಾಯಬೇಕು. ಬಂದದ್ದು ಅದೇ ಹಲಗೆ ಎಂದು ಅದರೊಳಗಿನ ನಂಬರಿನಿಂದ ಗುರುತಿಸಿ, ಬಿಟ್ಟ ಸಾಲನ್ನೇ ಬೆರಳಿಗೆ ಕೊಡಬೇಕು. ಬಾರದಿದ್ದರೆ ಆಮೇಲೆ ಗುಡಿಸಿದರಾಯಿತು. ಪೊರಕೆಯೇ ಕಸ ಕೂಡಿಡುತ್ತಿದೆ ನೋಡಿ ಎಂದು ಆಫೀಸಿನವರು ನಕ್ಕರು. ನಗಲಿ ಬಿಡಿ ಎಂದು ಅವಳು ಚುಚ್ಚಿ ಕಿತ್ತು, ಕಿತ್ತು ಚುಚ್ಚಿ ಸಾಕಾಗುವಷ್ಟು ಪರೀಕ್ಷಿಸಿ, ಮಾವನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು. ಅವರು ಬೇಕೆಂದೇ ತಂತಿ ಜಗ್ಗಿ ಜಗ್ಗಿ ಓದಿ ನೋಡಿದರು. ಆಮೇಲೆ, ತಾನೇ ಓದುತ್ತೇನೆಂದು ಲೈಬ್ರರಿಗೆ ಫೋನು ಮಾಡಿಸಿದರು.

ಭಾನುವಾರ ಕುರ್ಚಿಗಳೆಲ್ಲ ತುಂಬಿದ್ದವು. ಕಥೆಯಲ್ಲಿ ತಾಯಿ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಮಾವನ ಮೊಣಕೈ ತಗುಲಿ ತಂತಿ ಜಗ್ಗಿತು. ಚುಕ್ಕಿಗಳು ಕುಸಿದವು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳು ಕುರ್ಚಿಯಿಂದ ಅರ್ಧ ಎದ್ದಳು. ಮಾವ ಬೆರಳು ಎತ್ತದೆ, ಮುಖ ಮೇಲೆ ಮಾಡಿ ಸುಮ್ಮನೆ ಕೂತರು. ಇಡೀ ಕೋಣೆ ಅವರ ಬಾಯನ್ನೇ ನೋಡುತ್ತಿತ್ತು. ಚುಕ್ಕಿಗಳು ಎದ್ದವು. ಮಾವ ನಿಂತ ಮಾತಿನ ಮುಂದಿನ ಮಾತನ್ನೇ ಹಿಡಿದು ಓದಿಕೊಂಡು ಹೋದರು.

ಓದು ಮುಗಿದ ಮೇಲೆ ಲೈಬ್ರರಿಯಾಕೆ ಬಂದು ಅವರ ಕೈ ಹಿಡಿದುಕೊಂಡಳು. ಆ ತಾಯಿ ಬಾಗಿಲು ತೆರೆಯುವಲ್ಲಿ ಒಂದು ಗಳಿಗೆ ಕಾದು ಓದಿದಿರಲ್ಲ, ಮೈ ಜುಮ್ಮೆಂದಿತು ಎಂದಳು.

“ಅಲ್ಲಿ ಕಾದಿದ್ದು ನಾನಲ್ಲಮ್ಮ,” ಎಂದರು ಮಾವ. “ನನ್ನ ಸೊಸೆ.”