ಅಳಿಸಿ ಹಾಕಿದ ಆ್ಯಪ್‌ಗೂ ರೊಕ್ಕ

ಗೆಳೆಯರೇ, ನನಗಿನ್ನೂ ನಂಬಲಾಗುತ್ತಿಲ್ಲ. ಬೆಟಗೇರಿಯ ನಮ್ಮ ಸೀರೆ ಅಂಗಡಿಯಲ್ಲಿ ಇಂದು ಬೆಳಿಗ್ಗೆ ಕಾಕಾನ ಕ್ರೆಡಿಟ್ ಕಾರ್ಡಿನಿಂದ ಮತ್ತೆ ಹಣ ಕಡಿತವಾಯಿತು. ಸೀರೆ ಅಂಚಿನ ವಿನ್ಯಾಸ ತೋರಿಸುವ ಆ್ಯಪ್ ಅದು, ಮೊದಲ ತಿಂಗಳು ಉಚಿತ ಎಂದಿತ್ತು.

"ಹಿಡಿಸಲಿಲ್ಲಂತ ಫೋನಿನಿಂದ ಅಳಿಸಿಬಿಟ್ಟೀನಲ್ಲಲೇ! ನೋಡಾಕ ಒಯ್ದ ಸೀರಿ ವಾಪಸ್ ಕೊಟ್ಟಂಗ ಆತಲ್ಲ?" ಎಂದರು ಕಾಕಾ. ನಮ್ಮ ಗಿರಾಕಿಗಳು ಸೀರೆ ಮನೆಗೆ ಒಯ್ದು ತೋರಿಸಿ, ಬೇಡವಾದರೆ ತಂದುಕೊಡುತ್ತಾರೆ.

ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ, "ನೀವು ಬೇಡ ಅಂತ ಹೇಳಲೇ ಇಲ್ಲ ಸರ್. ಅಂದ್ರೆ ಬೇಕು ಅಂತಲೇ ಅರ್ಥ. ಕಟ್ ಆದ ಹಣ ವಾಪಸ್ ಬರಲ್ಲ," ಎಂದಳು.

ಕಾಕಾ ಫೋನ್ ಕಸಿದುಕೊಂಡರು. "ತಂಗಿ, ನಿನ್ನ ಮನಿಗೆ ಸೀರಿ ನೋಡಾಕ ಕಳಸ್ತೀನಿ. ನೀ ಸುಮ್ನ ಕುಂತ್ರ ತಿಂಗಳಾ ತಿಂಗಳಾ ರೊಕ್ಕ ಕೊಡ್ತೀಯೇನ?"

ಆಕೆ ಫೋನ್ ಇಟ್ಟುಬಿಟ್ಟಳು.

ಅಷ್ಟರಲ್ಲಿ ಪಕ್ಕದ ಓಣಿಯ ಅಕ್ಕ, ಹಬ್ಬಕ್ಕೆ ಮೊದಲು ಒಯ್ದಿದ್ದ ಎರಡು ಸೀರೆ ತಂದಿಟ್ಟರು. "ಬಣ್ಣ ಮನಸಿಗೆ ಬರಲಿಲ್ರಿ ಕಾಕಾ, ತಡಾ ಆತು."

ಕಾಕಾ ಒಮ್ಮೆ ನನ್ನ ಮುಖ ನೋಡಿದರು. "ಇರ್ಲಿ ಬಿಡವ್ವಾ," ಎಂದು ಸೀರೆಗಳನ್ನು ಕಪಾಟಿಗಿಟ್ಟರು.

ಸುಮ್ಮನಿದ್ದರೆ ಬೇಕೆಂದೇ ಅರ್ಥ ಎಂಬ ಪಾಠ ಯಾವ ತರಗತಿಯಲ್ಲಿ ಬರುತ್ತದೋ ಗೊತ್ತಿಲ್ಲ. ನಾನು ಒಂಬತ್ತಕ್ಕೇ ಶಾಲೆ ಬಿಟ್ಟವನು.